ನಡುರಾತ್ರಿ ಮಾಸ್ಕ್ ಕಳಚುವುದೇಕೆ?

ತುಮಕೂರಿನಲ್ಲಿರುವ ನನ್ನ ಸೋದರಮಾವನವರು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗಾಗಿ, ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಯಂತ್ರವನ್ನು ಮನೆಗೆ ತಂದ ಮೂರನೆಯ ವಾರಕ್ಕೆ ಅದನ್ನು ಮತ್ತೆ ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲಿಟ್ಟರು. ‘ಹಾಕಿಕೊಂಡೇ ಮಲಗುತ್ತೇನೆ, ಬೆಳಿಗ್ಗೆ ನೋಡಿದರೆ ಮಾಸ್ಕ್ ದಿಂಬಿನ ಪಕ್ಕ ಬಿದ್ದಿರುತ್ತದೆ, ಯಾವಾಗ ತೆಗೆದೆ ಅಂತ ನನಗೇ ಗೊತ್ತಿಲ್ಲ’ ಎಂಬುದು ಅವರ ಮಾತು. ‘ಅವರಿಗೆ ಮನಸ್ಸಿಲ್ಲ, ಅಷ್ಟೆ’ ಎಂಬುದು ಅತ್ತೆಯವರ ಮಾತು. ಯಂತ್ರದೊಳಗಿನ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ ಇಬ್ಬರೂ ಹೇಳದ ಮೂರನೆಯ ಸಂಗತಿಯೊಂದು ಕಂಡಿತು. ಹತ್ತೊಂಬತ್ತು ರಾತ್ರಿಗಳ ಪೈಕಿ ಹದಿನಾಲ್ಕರಲ್ಲಿ ಬಳಕೆಯ ಗೆರೆ ಎರಡು ಮತ್ತು ಮೂರು ಗಂಟೆಯ ನಡುವೆ ತುಂಡಾಗಿತ್ತು. ಅದಕ್ಕೆ ಸ್ವಲ್ಪ ಮೊದಲಿನಿಂದ ಯಂತ್ರದ ಒತ್ತಡ ಏರುತ್ತಾ, ಅದರ ಬೆನ್ನಿಗೇ ಗಾಳಿಯ ಸೋರಿಕೆಯೂ ಏರುತ್ತಾ ಹೋಗಿತ್ತು. ಮನಸ್ಸಿಲ್ಲದವರು ಪ್ರತಿ ರಾತ್ರಿ ಅದೇ ಹೊತ್ತಿಗೆ ಮನಸ್ಸು ಕಳೆದುಕೊಳ್ಳುವುದಿಲ್ಲ. ಅಲ್ಲಿ ಬೇರೇನೋ ನಡೆಯುತ್ತಿತ್ತು.

ಅದೇನೆಂದು ತಿಳಿಯಲು ಕಾಯಿಲೆಯಿಂದಲೇ ಆರಂಭಿಸಬೇಕು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಎಲ್ಲರಲ್ಲೂ ಸಹಜ. ಆದರೆ ಕೆಲವರಲ್ಲಿ ಕತ್ತಿನ ಸುತ್ತಲಿನ ಕೊಬ್ಬು, ಹಿಂದೆ ಸರಿದ ದವಡೆ, ದೊಡ್ಡ ನಾಲಿಗೆ ಅಥವಾ ಟಾನ್ಸಿಲ್‌ಗಳ ಕಾರಣದಿಂದ ಉಸಿರಿನ ದಾರಿ ಮೊದಲೇ ಇಕ್ಕಟ್ಟಾಗಿದ್ದು, ಸ್ನಾಯು ಸಡಿಲವಾದೊಡನೆ ಒದ್ದೆ ಬಟ್ಟೆಯ ಕೊಳವೆಯಂತೆ ಮುಚ್ಚಿಕೊಳ್ಳುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಅರೆಕ್ಷಣ ಎಚ್ಚರಗೊಳ್ಳುತ್ತದೆ, ದೊಡ್ಡ ಗೊರಕೆಯೊಂದಿಗೆ ದಾರಿ ತೆರೆಯುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚುವಿಕೆ. ಹತ್ತು ಸೆಕೆಂಡಿಗೂ ಹೆಚ್ಚು ಕಾಲ ಉಸಿರು ನಿಲ್ಲುವ ಅಥವಾ ಗಣನೀಯವಾಗಿ ತಗ್ಗುವ ಇಂಥ ಘಟನೆಗಳನ್ನು ಎಣಿಸಿ, ಗಂಟೆಗೆ ಐದು ದಾಟಿದರೆ ಸ್ಲೀಪ್ ಆಪ್ನಿಯಾ ಎಂದೂ ಮೂವತ್ತು ದಾಟಿದರೆ ತೀವ್ರವೆಂದೂ ವೈದ್ಯರು ಹೇಳುತ್ತಾರೆ. ದೆಹಲಿಯ ಏಮ್ಸ್ ಸಂಶೋಧಕರು ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಕೊಟ್ಟ ಅಂದಾಜಿನಂತೆ, ದೇಶದ ದುಡಿಯುವ ವಯಸ್ಸಿನವರಲ್ಲಿ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆಯಿದ್ದು, ಅವರಲ್ಲಿ 4.7 ಕೋಟಿ ಜನರದು ಮಧ್ಯಮ ಅಥವಾ ತೀವ್ರ ಮಟ್ಟದ್ದು.

ಸಿಪ್ಯಾಪ್ ಮಾಡುವ ಕೆಲಸ ಸರಳವಾದುದು. ಕೋಣೆಯ ಗಾಳಿಯನ್ನೇ ಎಳೆದು, ಸೋಸಿ, ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಒಳಗೆ ಕಳುಹಿಸಿ, ಕುಸಿಯಲಿರುವ ಗಂಟಲನ್ನು ಒಳಗಿನಿಂದ ಆತು ಹಿಡಿಯುತ್ತದೆ. ಆ ಒತ್ತಡವನ್ನು ನೀರಿನ ಕಂಬದ ಎತ್ತರದಲ್ಲಿ ಅಳೆಯುತ್ತಾರೆ. ಸಾಮಾನ್ಯ ಯಂತ್ರಗಳಲ್ಲಿ ಅದು 4ರಿಂದ 20 ಸೆಂಟಿಮೀಟರ್. ಇದರಲ್ಲಿ ಆಮ್ಲಜನಕದ ಸಿಲಿಂಡರಿಲ್ಲ, ಇದು ವೆಂಟಿಲೇಟರ್ ಅಲ್ಲ. ಕೋವಿಡ್ ಕಾಲದಲ್ಲಿ ಐಸಿಯುಗಳಲ್ಲಿ ಇದೇ ಬಗೆಯ ಮಾಸ್ಕ್ ಹಾಕಿಕೊಂಡ ಬಂಧುಗಳನ್ನು ಕಂಡವರಿಗೆ ಈ ಮಾತನ್ನು ಎರಡು ಸಲ ಹೇಳಬೇಕಾಗುತ್ತದೆ, ಏಕೆಂದರೆ ಮಾಸ್ಕ್ ನೋಡಿದೊಡನೆ ‘ಇಷ್ಟು ಸೀರಿಯಸ್ಸಾ?’ ಎಂಬ ದಿಗಿಲು ಮನೆಯಲ್ಲಿ ಹುಟ್ಟುತ್ತದೆ.

ಈ ಉಪಾಯವನ್ನು ಕಂಡುಕೊಂಡವರು ಸಿಡ್ನಿಯ ವೈದ್ಯ ಕಾಲಿನ್ ಸಲಿವನ್. ಅವರು 1980ರಲ್ಲಿ ಮೊದಲ ರೋಗಿಯ ಮೇಲೆ ಇದನ್ನು ಪ್ರಯೋಗಿಸಿದರು. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಪ್ರಕಟವಾಯಿತು. ಅಲ್ಲಿಯವರೆಗೆ ತೀವ್ರ ಆಪ್ನಿಯಾಕ್ಕೆ ಇದ್ದ ಭರವಸೆಯ ಚಿಕಿತ್ಸೆಯೆಂದರೆ ಕತ್ತಿನಲ್ಲಿ ರಂಧ್ರ ಕೊರೆಯುವ ಟ್ರೆಕಿಯಾಸ್ಟಮಿ. ಆರಂಭದ ಯಂತ್ರಗಳು ವ್ಯಾಕ್ಯೂಮ್ ಕ್ಲೀನರಿನಷ್ಟೇ ಸದ್ದು ಮಾಡುತ್ತಿದ್ದವು, ಮಾಸ್ಕನ್ನು ಪ್ರತಿ ರಾತ್ರಿ ಅಂಟಿನಿಂದ ಮೂಗಿಗೆ ಅಂಟಿಸಿಕೊಳ್ಳಬೇಕಿತ್ತು. ಆದರೂ ಆ ರೋಗಿಗಳು ಅದನ್ನು ಬಿಡದೆ ಬಳಸಿದರು, ಏಕೆಂದರೆ ಇದ್ದ ಇನ್ನೊಂದು ದಾರಿ ಕತ್ತಿನ ರಂಧ್ರವಾಗಿತ್ತು. ಇಂದಿನ ಯಂತ್ರ ಪಿಸುಮಾತಿನಷ್ಟೂ ಸದ್ದು ಮಾಡುವುದಿಲ್ಲ, ಆದರೆ ಅದನ್ನು ಬಿಡುವವರ ಸಂಖ್ಯೆ ದೊಡ್ಡದಿದೆ.

ಎಷ್ಟು ದೊಡ್ಡದೆಂದು ಮೊದಲು ತೋರಿಸಿಕೊಟ್ಟದ್ದು ಅಮೆರಿಕದಲ್ಲಿ ನಡೆದ, 1993ರಲ್ಲಿ ಪ್ರಕಟವಾದ ಅಧ್ಯಯನ. 35 ರೋಗಿಗಳ ಯಂತ್ರಗಳಲ್ಲಿ ಅವರಿಗೆ ತಿಳಿಯದಂತೆ ಸಮಯ ದಾಖಲಿಸುವ ಸಾಧನವನ್ನು ಇಟ್ಟಿದ್ದರು. ಶೇ. 70ರಷ್ಟು ರಾತ್ರಿಗಳಲ್ಲಿ ಕನಿಷ್ಠ ನಾಲ್ಕು ಗಂಟೆ ಬಳಸಿದವರನ್ನು ‘ನಿಯಮಿತ ಬಳಕೆದಾರರು’ ಎಂದು ಲೆಕ್ಕ ಹಾಕಿದಾಗ ಅರ್ಧದಷ್ಟು ಜನರೂ ಆ ಸಾಲಿಗೆ ಸೇರಲಿಲ್ಲ. ರೋಗಿಗಳು ಬಾಯಲ್ಲಿ ಹೇಳಿದ ಸರಾಸರಿಗೂ ಯಂತ್ರ ಹೇಳಿದ ಸರಾಸರಿಗೂ ಒಂದು ಗಂಟೆಗೂ ಮಿಕ್ಕಿದ ಅಂತರವಿತ್ತು. ಸಂಶೋಧಕರು ತಮ್ಮ ಅನುಕೂಲಕ್ಕೆ ಎಳೆದ ಆ ನಾಲ್ಕು ಗಂಟೆಯ ಗೆರೆಯನ್ನೇ ಮುಂದೆ ಅಮೆರಿಕದ ಮೆಡಿಕೇರ್ ವಿಮೆ ಹಣ ಕೊಡುವ ಷರತ್ತಾಗಿ ಅಳವಡಿಸಿಕೊಂಡಿತು, ಅಲ್ಲಿಂದ ಅದು ಜಗತ್ತಿನಾದ್ಯಂತ ‘ಸಾಕಷ್ಟು ಬಳಕೆ’ಯ ಅರ್ಥ ಪಡೆಯಿತು. ನನ್ನ ದೃಷ್ಟಿಯಲ್ಲಿ ಈ ಚಿಕಿತ್ಸೆಗೆ ಆಗಿರುವ ದೊಡ್ಡ ಅನ್ಯಾಯಗಳಲ್ಲಿ ಇದೂ ಒಂದು, ಏಕೆಂದರೆ ನಾಲ್ಕು ಗಂಟೆ ಎಂಬುದು ವಿಮೆಯ ಅಂಕವೇ ಹೊರತು ದೇಹದ ಅಂಕವಲ್ಲ. 2007ರ ಮತ್ತೊಂದು ಅಧ್ಯಯನದಲ್ಲಿ ಹಗಲಿನ ತೂಕಡಿಕೆಯ ಭಾವನೆ ಕಡಿಮೆಯಾಗಲು ಸುಮಾರು ನಾಲ್ಕು ಗಂಟೆ ಸಾಕಾದರೂ, ಪ್ರಯೋಗಾಲಯದಲ್ಲಿ ಅಳೆದ ತೂಕಡಿಕೆ ಸರಿಹೋಗಲು ಆರು ಗಂಟೆಯೂ ದಿನನಿತ್ಯದ ಕೆಲಸಗಳ ಸಾಮರ್ಥ್ಯ ಮರಳಲು ಏಳೂವರೆ ಗಂಟೆಯೂ ಬೇಕಾಯಿತು. ಹೃದಯ ಅಥವಾ ಮೆದುಳಿನ ರಕ್ತನಾಳದ ಕಾಯಿಲೆಯಿದ್ದ 2,717 ಜನರನ್ನು, ಭಾರತವೂ ಸೇರಿ ಏಳು ದೇಶಗಳಲ್ಲಿ ಪರೀಕ್ಷಿಸಿದ ‘ಸೇವ್’ ಪ್ರಯೋಗದಲ್ಲಿ ಸಿಪ್ಯಾಪ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಕಡಿಮೆಯಾಗಲಿಲ್ಲ ಎಂದು 2016ರಲ್ಲಿ ವರದಿಯಾದಾಗ ಅನೇಕರು ನಿರಾಶರಾದರು. ಆದರೆ ಅದೇ ವರದಿಯಲ್ಲಿ ರೋಗಿಗಳು ಯಂತ್ರವನ್ನು ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ ಎಂಬ ಸಾಲೂ ಇತ್ತು. ಕಡಿಮೆ ಬಳಕೆಯೇ ಕಾರಣವೇ, ಅಥವಾ ಹೃದಯಕ್ಕೆ ಇದರಿಂದ ಆಗುವ ಲಾಭವೇ ಕಡಿಮೆಯೇ ಎಂಬ ವಾದ ಇನ್ನೂ ಮುಗಿದಿಲ್ಲ.

ಗಂಟೆಗಳ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಯಾವ ಗಂಟೆಗಳು ಎಂಬ ಪ್ರಶ್ನೆ. ಕನಸು ಕಾಣುವ ಹಂತದ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಅಲ್ಪ, ನಸುಕಿನ ಕಡೆಗೆ ದೀರ್ಘ. ಆ ಹಂತದಲ್ಲಿ ದೇಹದ ಸ್ನಾಯುಗಳು ಬಹುತೇಕ ನಿಶ್ಚಲವಾಗುವುದರಿಂದ ಗಂಟಲು ಅತಿ ಸುಲಭವಾಗಿ ಕುಸಿಯುವುದೂ, ಉಸಿರು ನಿಲ್ಲುವ ಅವಧಿ ಅತಿ ದೀರ್ಘವಾಗುವುದೂ, ಆಮ್ಲಜನಕ ಅತಿ ಕೆಳಕ್ಕೆ ಇಳಿಯುವುದೂ ಆಗಲೇ. ಹತ್ತೂವರೆಗೆ ಮಾಸ್ಕ್ ಹಾಕಿ ಎರಡೂವರೆಗೆ ಕಳಚಿದವರು ನಾಲ್ಕು ಗಂಟೆಯ ಷರತ್ತನ್ನು ಪೂರೈಸಿದ್ದಾರೆ, ಆದರೆ ಕನಸಿನ ನಿದ್ದೆಯ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಚಿಕಿತ್ಸೆಯಿಲ್ಲದೆ ಕಳೆದಿದ್ದಾರೆ. ಮಾವನವರ ಗೆರೆ ತುಂಡಾಗುತ್ತಿದ್ದುದರ ಕಾರಣವೂ ಇಲ್ಲೇ ಇತ್ತು. ಅವರದು ಒತ್ತಡವನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಯಂತ್ರ. ಕನಸಿನ ನಿದ್ದೆಗೆ ಜಾರಿದಾಗ ಗಂಟಲು ಮುಚ್ಚತೊಡಗುತ್ತದೆ. ಅದನ್ನು ತೆರೆಯಲು ಯಂತ್ರ ಒತ್ತಡ ಏರಿಸುತ್ತದೆ. ಏರಿದ ಒತ್ತಡ ಮಾಸ್ಕಿನ ಅಂಚನ್ನು ಎತ್ತುತ್ತದೆ. ತಣ್ಣನೆಯ ಗಾಳಿ ಕಣ್ಣಿನತ್ತ ಚಿಮ್ಮುತ್ತದೆ. ಅರೆನಿದ್ದೆಯಲ್ಲಿರುವ ಕೈ ಅದನ್ನು ಕಿತ್ತು ಪಕ್ಕಕ್ಕಿಡುತ್ತದೆ. ಬೆಳಿಗ್ಗೆ ಅದರ ನೆನಪಿರುವುದಿಲ್ಲ.

ಸೋರಿಕೆ ಇಷ್ಟು ಮುಖ್ಯವಾಗಿದ್ದರೂ ಮಾಸ್ಕ್ ಅಳತೆ ನೋಡುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಸೋಫಾದ ಮೇಲೆ ಮುಗಿಯುತ್ತದೆ. ಯಂತ್ರ ತಂದುಕೊಟ್ಟವರು ರೋಗಿಯನ್ನು ನೆಟ್ಟಗೆ ಕೂರಿಸಿ, ಪಟ್ಟಿ ಬಿಗಿದು, ಕಡಿಮೆ ಒತ್ತಡದಲ್ಲಿ ಎರಡು ನಿಮಿಷ ಓಡಿಸಿ, ‘ಸರಿಯಾಗಿದೆ ಸಾರ್’ ಎಂದು ಹೊರಡುತ್ತಾರೆ. ಮಲಗಿದಾಗ ಕೆನ್ನೆಯ ಮಾಂಸ ಜರಗುತ್ತದೆ, ಮಗ್ಗುಲಾದಾಗ ದಿಂಬು ಮಾಸ್ಕನ್ನು ತಳ್ಳುತ್ತದೆ; ಆದ್ದರಿಂದ ಹಾಸಿಗೆಯಲ್ಲಿ ಮಲಗಿ, ರಾತ್ರಿ ತಲುಪುವ ಒತ್ತಡದಲ್ಲಿ, ಎರಡೂ ಮಗ್ಗುಲಿಗೆ ಹೊರಳಿ ನೋಡಿಯೇ ಪಟ್ಟಿಯ ಬಿಗಿ ನಿರ್ಧರಿಸಬೇಕು. ಸೋರಿದರೆ ಪಟ್ಟಿಯನ್ನು ಇನ್ನಷ್ಟು ಬಿಗಿಯುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮತ್ತು ಬಹುಪಾಲು ತಪ್ಪು ಉಪಾಯ. ಸಿಲಿಕೋನಿನ ಮೆತ್ತೆಯೊಳಗೆ ಗಾಳಿ ತುಂಬಿಕೊಂಡು ಅದು ಮುಖಕ್ಕೆ ತಾನೇ ಅಪ್ಪಿಕೊಳ್ಳುವಂತೆ ರಚಿಸಿರುತ್ತಾರೆ. ಅತಿಯಾಗಿ ಬಿಗಿದರೆ ಮೆತ್ತೆ ಮಡಚಿ ಸೋರಿಕೆ ಹೆಚ್ಚುತ್ತದೆ, ಮೂಗಿನ ಸೇತುವೆಯ ಮೇಲೆ ಕೆಂಪು ಗಾಯವೂ ಆಗುತ್ತದೆ. ಪಟ್ಟಿ ಸಡಿಲಿಸಿ, ಮಾಸ್ಕನ್ನು ಮುಖದಿಂದ ಒಮ್ಮೆ ಎತ್ತಿ ಮತ್ತೆ ಕೂರಿಸುವುದರಿಂದಲೇ ಎಷ್ಟೋ ಸೋರಿಕೆಗಳು ನಿಲ್ಲುತ್ತವೆ.

ನಮ್ಮ ಮುಖಗಳ ಕೆಲವು ವಿಶೇಷಗಳನ್ನು ಯಂತ್ರದ ಕೈಪಿಡಿ ಹೇಳುವುದಿಲ್ಲ. ಪೊದೆ ಮೀಸೆಯ ಮೇಲೆ ಮೂಗಿನ ಮಾಸ್ಕಿನ ಕೆಳ ಅಂಚು ಕೂರುವುದಿಲ್ಲ. ಅಂಥವರಿಗೆ ಮೂಗಿನ ಹೊಳ್ಳೆಗಳಿಗೆ ನೇರವಾಗಿ ತಾಗುವ ಪುಟ್ಟ ಮೆತ್ತೆಗಳ ಮಾಸ್ಕ್ ಒಗ್ಗಬಹುದು. ಮೂಗುತಿಯ ಹರಳು ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ. ಎಷ್ಟೋ ವರ್ಷಗಳಿಂದ ತೆಗೆಯದ ಮೂಗುತಿಯನ್ನು ತೆಗೆಯಿರಿ ಎಂದು ಅಜ್ಜಿಯೊಬ್ಬರಿಗೆ ಹೇಳುವ ಮೊದಲು, ಮೂಗುತಿಯ ಹೊರಗೆ ಅಂಚು ಕೂರುವಷ್ಟು ಅಗಲದ ಮಾಸ್ಕ್ ಇದೆಯೇ ಎಂದು ನೋಡುವುದು ಮರ್ಯಾದೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗುವವರಲ್ಲಿ ಪಟ್ಟಿ ಜಾರುತ್ತದೆ. ಮುಖದ ಜಿಡ್ಡು ಸಿಲಿಕೋನಿನ ಹಿಡಿತವನ್ನು ಕೆಡಿಸುತ್ತದೆ. ಮಲಗುವ ಮುನ್ನ ಮುಖ ತೊಳೆಯುವುದು, ಬೆಳಿಗ್ಗೆ ಮೆತ್ತೆಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು, ಎರಡೂ ಸೇರಿ ಐದು ನಿಮಿಷದ ಕೆಲಸ.

ಬಾಯಿ ತೆರೆದು ಮಲಗುವವರಿಗೆ ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಕೊಡುವುದು ರೂಢಿ. ಆದರೆ ಆ ಮಾಸ್ಕ್ ದವಡೆಯನ್ನು ಹಿಂದಕ್ಕೆ ಒತ್ತುವ ಸಂಭವವಿದ್ದು, ಅದರಲ್ಲಿ ಹೆಚ್ಚು ಒತ್ತಡ ಬೇಕಾಗುವುದೂ ಬಳಕೆ ಕಡಿಮೆಯಾಗುವುದೂ ಅಧ್ಯಯನಗಳಲ್ಲಿ ಕಂಡಿರುವುದರಿಂದ, ಅಮೆರಿಕದ ನಿದ್ರಾ ವೈದ್ಯರ ಸಂಘದ 2019ರ ಮಾರ್ಗಸೂಚಿ ಮೂಗಿನ ಮಾಸ್ಕನ್ನೇ ಮೊದಲು ಆರಿಸಲು ಹೇಳುತ್ತದೆ. ಬಾಯಿ ತೆರೆಯುವುದಕ್ಕೆ ಅನೇಕ ಸಲ ಮೂಗು ಕಟ್ಟಿರುವುದೇ ಕಾರಣ. ಬೆಂಗಳೂರಿನ ಧೂಳು, ಪರಾಗದ ಅಲರ್ಜಿಯಿಂದ ವರ್ಷವಿಡೀ ಮೂಗು ಕಟ್ಟಿಕೊಂಡವರಿಗೆ ಮೂಗಿನ ಚಿಕಿತ್ಸೆಯೇ ಸಿಪ್ಯಾಪ್ ಚಿಕಿತ್ಸೆಯ ಮೊದಲ ಮೆಟ್ಟಿಲು.

ಒಣಗಾಳಿಯಿಂದ ಗಂಟಲು ಕೆರೆಯುವುದನ್ನು ತಪ್ಪಿಸಲು ಯಂತ್ರದಲ್ಲಿ ನೀರಿನ ಪುಟ್ಟ ತೊಟ್ಟಿಯಿರುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಲು ಹೇಳುವುದು ಬರೀ ಶಿಸ್ತಿಗಲ್ಲ. ಬೋರ್‌ವೆಲ್ ನೀರು ಹಾಕಿದ ತೊಟ್ಟಿಯ ತಳದಲ್ಲಿ ಕೆಲವೇ ದಿನಗಳಲ್ಲಿ, ಗೀಸರಿನೊಳಗೆ ಕಟ್ಟುವಂಥದೇ ಬಿಳಿ ಪೊರೆ ಕಟ್ಟುತ್ತದೆ; ಕುದಿಸಿ ಆರಿಸಿದರೂ ಆ ಲವಣ ಪೂರ್ತಿ ಹೋಗುವುದಿಲ್ಲ. ಮಡಿಕೇರಿ, ಆಗುಂಬೆಯಂಥ ಕಡೆ ಸಮಸ್ಯೆ ತಿರುಗುಮುರುಗು: ತಣ್ಣನೆಯ ಕೋಣೆಯಲ್ಲಿ ಬೆಚ್ಚನೆಯ ತೇವದ ಗಾಳಿ ಕೊಳವೆಯೊಳಗೇ ಹನಿಗಟ್ಟಿ, ನಡುರಾತ್ರಿ ಗುಳುಗುಳು ಸದ್ದು ಮಾಡಿ, ಮೂಗಿಗೆ ನೀರು ಚಿಮ್ಮಿಸುತ್ತದೆ. ಯಂತ್ರವನ್ನು ಹಾಸಿಗೆಯ ಮಟ್ಟಕ್ಕಿಂತ ಕೆಳಗಿಟ್ಟು, ಕೊಳವೆಯನ್ನು ಕಂಬಳಿಯೊಳಗೆ ಹಾಯಿಸಿ, ತೇವದ ಮಟ್ಟವನ್ನು ಒಂದೆರಡು ಅಂಕ ಇಳಿಸಿದರೆ ಇದು ನಿಲ್ಲುತ್ತದೆ. ಕರೆಂಟು ಹೋದರೆ ಉಸಿರು ಕಟ್ಟುತ್ತದೆಯೇ ಎಂಬ ಭಯಕ್ಕೂ ಉತ್ತರವಿದೆ. ಮೂಗಿನ ಮಾಸ್ಕಿನವರು ಬಾಯಿಂದ ಉಸಿರಾಡಬಹುದು, ದೊಡ್ಡ ಮಾಸ್ಕಿನಲ್ಲಿ ಒತ್ತಡ ನಿಂತೊಡನೆ ಹೊರಗಾಳಿಗೆ ತೆರೆದುಕೊಳ್ಳುವ ಕವಾಟವಿರುತ್ತದೆ. ಮನೆಯ ಯುಪಿಎಸ್ ಮೇಲೆ ಓಡಿಸುವಾಗ ನೀರು ಕಾಯಿಸುವ ಭಾಗವನ್ನು ಆಫ್ ಮಾಡಿದರೆ ವಿದ್ಯುತ್ತಿನ ಬಳಕೆ ಬಹಳ ತಗ್ಗುತ್ತದೆ.

ಮಾಸ್ಕ್ ಹಾಕಿದೊಡನೆ ಎದೆ ಹೊಡೆದುಕೊಳ್ಳುವವರ ವಿಷಯ ಬೇರೆ. ಅಂಥವರಿಗೆ ‘ಧೈರ್ಯವಾಗಿರಿ’ ಎಂಬ ಮಾತಿನಿಂದ ಏನೂ ಆಗುವುದಿಲ್ಲ, ಹಗಲಿನ ಅಭ್ಯಾಸದಿಂದ ಆಗುತ್ತದೆ. ಮೊದಲೆರಡು ದಿನ ಯಂತ್ರ ಹಾಕದೆ, ಪಟ್ಟಿಯನ್ನೂ ಕಟ್ಟದೆ, ಟಿವಿ ನೋಡುತ್ತಾ ಮಾಸ್ಕನ್ನು ಕೈಯಲ್ಲಿ ಮುಖಕ್ಕೆ ಹಿಡಿದುಕೊಂಡಿರುವುದು, ಆಮೇಲೆ ಪಟ್ಟಿ ಕಟ್ಟಿಕೊಂಡು ಕಾಲು ಗಂಟೆ, ಆಮೇಲೆ ಯಂತ್ರ ಚಾಲೂ ಮಾಡಿ, ಕೂತೇ, ಆಮೇಲೆ ಮಧ್ಯಾಹ್ನ ಮಲಗಿದಾಗ, ಕೊನೆಗೆ ರಾತ್ರಿ. ಬೇಕೆಂದಾಗ ಒಂದೇ ಕೈಯಲ್ಲಿ ತೆಗೆಯಬಲ್ಲೆ ಎಂಬುದು ಕೈಗೆ ಗೊತ್ತಾದ ಮೇಲೆ ತೆಗೆಯುವ ಆತುರ ಇಳಿಯುತ್ತದೆ. ಒತ್ತಡವನ್ನು ನಿಧಾನಕ್ಕೆ ಏರಿಸುವ ರ‍್ಯಾಂಪ್ ಸೌಲಭ್ಯವನ್ನು ಎಲ್ಲರಿಗೂ ಅತಿ ಕಡಿಮೆ ಅಂಕದಲ್ಲಿ ಇಡುವುದು ಮಾತ್ರ ಕಣ್ಣುಮುಚ್ಚಿದ ರೂಢಿ: 4 ಸೆಂಟಿಮೀಟರಿನಲ್ಲಿ ಸಾಕಷ್ಟು ಗಾಳಿ ಸಿಗದೆ ಕೆಲವರಿಗೆ ಅಲ್ಲೇ ಉಸಿರುಗಟ್ಟಿದಂತಾಗುತ್ತದೆ, ಅವರಿಗೆ ಸ್ವಲ್ಪ ಹೆಚ್ಚಿನ ಆರಂಭವೇ ಹಿತ. ಒತ್ತಡದ ಮಿತಿಗಳನ್ನು ಬದಲಿಸುವುದು ವೈದ್ಯರ ಕೆಲಸ; ಏನು ಅನ್ನಿಸುತ್ತಿದೆ ಎಂದು ನಿಖರವಾಗಿ ಹೇಳುವುದು ರೋಗಿಯ ಕೆಲಸ. ಮೂಗು ಒಣಗುವುದು, ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬರಿಸುವುದು, ಉಸಿರು ಬಿಡಲು ಕಷ್ಟವಾಗುವುದು ಮೂರಕ್ಕೂ ಮೂರು ಬೇರೆ ಪರಿಹಾರಗಳಿರುವಾಗ ‘ಒಗ್ಗುತ್ತಿಲ್ಲ ಡಾಕ್ಟ್ರೇ’ ಎಂಬ ಒಂದೇ ಮಾತಿಗೆ ಪರಿಹಾರ ಹುಡುಕುವುದು ಕಷ್ಟ. ನಿದ್ದೆ ಬರಲಿ ಎಂದು ಒಂದು ಪೆಗ್ಗು ಅಥವಾ ಯಾರದೋ ನಿದ್ದೆ ಮಾತ್ರೆ ತೆಗೆದುಕೊಳ್ಳುವುದಂತೂ ಕೂಡದು, ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ.

ಇದೆಲ್ಲ ಯಾವಾಗ ನಡೆಯಬೇಕು ಎಂಬುದಕ್ಕೆ ಸಂಶೋಧನೆಯ ಉತ್ತರ ಸ್ಪಷ್ಟವಾಗಿದೆ: ಮೊದಲ ವಾರದಲ್ಲಿ. ದೀರ್ಘಕಾಲ ಬಳಸುವವರ ಮತ್ತು ಬಿಡುವವರ ದಾರಿಗಳು ಮೊದಲ ಕೆಲವು ದಿನಗಳಲ್ಲೇ ಕವಲೊಡೆಯುತ್ತವೆ. ‘ಮೂರು ತಿಂಗಳು ಬಿಟ್ಟು ಬನ್ನಿ’ ಎಂಬ ಚೀಟಿ ಈ ಚಿಕಿತ್ಸೆಗೆ ಹೊಂದುವುದಿಲ್ಲ. ಮೂರನೆಯ ದಿನ ಒಂದು ಫೋನು, ಏಳನೆಯ ದಿನ ಯಂತ್ರದ ದಾಖಲೆಯ ಮೇಲೊಂದು ಕಣ್ಣು, ಹದಿನೈದನೆಯ ದಿನ ಬೇಕಾದರೆ ಮಾಸ್ಕ್ ಬದಲಾವಣೆ, ಇಷ್ಟಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಹೊಸ ಯಂತ್ರಗಳು ದಾಖಲೆಯನ್ನು ತಾವೇ ಕಳುಹಿಸುತ್ತವೆ. ಅಮೆರಿಕದಲ್ಲಿ 1,455 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಳಕೆ ತಗ್ಗಿದಾಗ ಸ್ವಯಂಚಾಲಿತ ಸಂದೇಶ ಪಡೆದವರು ಪಡೆಯದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮೆಡಿಕೇರ್ ಗೆರೆಯನ್ನು ಮುಟ್ಟಿದರು. ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ, ರೋಗಿಯ ಭಯ ಮತ್ತು ನಂಬಿಕೆಗಳ ಬಗ್ಗೆ ಕೂತು ಮಾತನಾಡುವ ನಡವಳಿಕೆಯ ಚಿಕಿತ್ಸೆಗಳು ಬಳಕೆಯನ್ನು ರಾತ್ರಿಗೆ ಸುಮಾರು 1.3 ಗಂಟೆ ಹೆಚ್ಚಿಸಿದ್ದು ಕಂಡಿತು. ಇದಕ್ಕೆ ಹೋಲಿಸಿದರೆ, ಉಸಿರು ಬಿಡುವಾಗ ಒತ್ತಡ ಇಳಿಸುವಂಥ ದುಬಾರಿ ಸೌಲಭ್ಯಗಳು ಸರಾಸರಿ ಬಳಕೆಯನ್ನು ದೊಡ್ಡದಾಗಿ ಹೆಚ್ಚಿಸಿದ್ದಕ್ಕೆ ಗಟ್ಟಿ ಪುರಾವೆಯಿಲ್ಲ. ಹತ್ತು ಸಾವಿರ ಹೆಚ್ಚು ಕೊಟ್ಟು ಮೇಲಿನ ಮಾಡೆಲ್ ಕೊಳ್ಳುವ ಬದಲು ಆ ಹಣದಲ್ಲಿ ಇನ್ನೊಂದು ಬಗೆಯ ಮಾಸ್ಕನ್ನು ಕೊಳ್ಳುವುದು ಜಾಣತನ ಎಂದು ನಾನು ಹೇಳುವುದು ಇದಕ್ಕೇ.

ಮನೆಯವರ ಪಾತ್ರದಲ್ಲಿ ಒಂದು ಸೂಕ್ಷ್ಮವಿದೆ. ಗೊರಕೆಯಿಂದ ವರ್ಷಗಟ್ಟಲೆ ನಿದ್ದೆಗೆಟ್ಟ ಸಂಗಾತಿಗೆ ಯಂತ್ರದ ಲಾಭ ಮೊದಲ ರಾತ್ರಿಯೇ ಸಿಗುತ್ತದೆ, ರೋಗಿಗೆ ಕೆಲವು ವಾರ ಹಿಡಿಯಬಹುದು. ಹಾಗಾಗಿ ‘ಹಾಕಿಕೊಳ್ಳಿ, ನನಗೆ ನಿದ್ದೆ ಬೇಕು’ ಎಂಬ ಒತ್ತಾಯವೂ ‘ನಿಮಗೋಸ್ಕರ ಇಷ್ಟು ದುಡ್ಡು ಸುರಿದೆವು’ ಎಂಬ ಮಾತೂ ಪೊಲೀಸ್ ಕಾವಲಿನಂತೆ ಕೇಳುತ್ತವೆ. ‘ನಿನ್ನೆ ಮೂರು ಗಂಟೆಗೆ ಬುಸ್ ಅಂತ ಗಾಳಿ ಬರ್ತಿತ್ತು, ಎಡಗಡೆ ತಿರುಗಿದಾಗ’ ಎಂಬ ವರದಿ ಮಾತ್ರ ಉಪಯೋಗಕ್ಕೆ ಬರುತ್ತದೆ.

ಎಲ್ಲ ಮಾಡಿದ ಮೇಲೂ ಕೆಲವರಿಗೆ ಸಿಪ್ಯಾಪ್ ಆಗಿಬರುವುದಿಲ್ಲ. ಅವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ದಂತಸಾಧನ, ಬೆನ್ನ ಮೇಲೆ ಮಲಗದಂತೆ ಮಾಡುವ ಉಪಾಯಗಳು, ತೂಕ ಇಳಿಕೆ, ಆಯ್ದ ಕೆಲವರಿಗೆ ಶಸ್ತ್ರಚಿಕಿತ್ಸೆ ಇವೆ. ಆದರೆ ಸೋರುವ ಮಾಸ್ಕಿನ ರೋಗಿಯನ್ನು ಸಿಪ್ಯಾಪ್ ಆಗಿಬರದವರ ಸಾಲಿಗೆ ಸೇರಿಸಬಾರದು.

ಮಾವನವರು ಮೀಸೆ ಬೋಳಿಸಲು ಒಪ್ಪಲಿಲ್ಲ. ಹೊಳ್ಳೆಯ ಮೆತ್ತೆಗಳ ಮಾಸ್ಕಿಗೆ ಒಪ್ಪಿದರು, ವೈದ್ಯರು ಗರಿಷ್ಠ ಒತ್ತಡವನ್ನು ಸ್ವಲ್ಪ ತಗ್ಗಿಸಿದರು. ಆಮೇಲಿನ ದಾಖಲೆಯಲ್ಲಿ ಎರಡೂವರೆಯ ತುಂಡು ಮಾಯವಾಯಿತು, ಆದರೆ ನಾಲ್ಕರ ಸುಮಾರಿಗೆ ಇನ್ನೊಂದು ತುಂಡು ಕಾಣತೊಡಗಿತು. ವಿಚಾರಿಸಿದರೆ ಅದು ಮೂತ್ರಕ್ಕೆ ಏಳುವ ಹೊತ್ತು: ಎದ್ದಾಗ ಪೂರ್ತಿ ಮಾಸ್ಕ್ ತೆಗೆಯುತ್ತಿದ್ದರು, ಬಂದು ಮಲಗಿದಾಗ ‘ಇನ್ನೇನು ಬೆಳಗಾಯಿತು’ ಎಂದು ಬಿಡುತ್ತಿದ್ದರು. ಮಾಸ್ಕ್ ಮುಖದ ಮೇಲೇ ಇರಲಿ, ಕೊಳವೆಯನ್ನು ಮಾತ್ರ ಕಳಚಿ ಹೋಗಿ ಬಂದು ಮತ್ತೆ ಸಿಕ್ಕಿಸಿಕೊಳ್ಳಿ ಎಂದು ಹೇಳಿದೆವು. ಆಪ್ನಿಯಾದಲ್ಲಿ ಹೃದಯದ ಮೇಲೆ ಬೀಳುವ ಎಳೆತದಿಂದ ರಾತ್ರಿ ಮೂತ್ರ ಹೆಚ್ಚುವುದರಿಂದ, ಚಿಕಿತ್ಸೆ ಹಿಡಿದ ಮೇಲೆ ಅದೂ ತಗ್ಗುವುದುಂಟು. ಮೊದಲು ರಾತ್ರಿಗೆ ಮೂರು ಸಲ ಏಳುತ್ತಿದ್ದವರು ಈಗ ಒಂದು ಸಲ ಏಳುತ್ತಾರೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ನಡುಮನೆ ದಾಟಿ ಬಚ್ಚಲಿಗೆ ಹೋಗುತ್ತಾರೆ, ರಜೆಗೆ ಬಂದ ಮೊಮ್ಮಗ ಮೊದಲ ದಿನ ಅದನ್ನು ಕಂಡು ಚೀರಿಕೊಂಡನಂತೆ.